ಯಾವ ಪತ್ತೇದಾರಿ ಎಷ್ಟು ಸ್ಟೇಷನ್ ಮರೆಸಿತು

ಕ್ಯಾತ್ಸಂದ್ರದಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಹೋಗಿಬರುವ ನನಗೆ ಓದುವುದಕ್ಕೆ ಸಿಗುವುದು ಆ ಪ್ರಯಾಣದ ಹೊತ್ತು ಮಾತ್ರ. ಪತ್ತೇದಾರಿ ಕಾದಂಬರಿಯನ್ನು ನಾನು ಕೈಗೆತ್ತಿಕೊಳ್ಳುವುದು ಮೈಮರೆಯಲೆಂದೇ; ಕೊಲೆಗಾರ ಯಾರೆಂದು ಗೊತ್ತಾದರೆ ಲಾಭ, ಗೊತ್ತಾಗದಿದ್ದರೂ ನಷ್ಟವೇನಿಲ್ಲವೆಂದು ಹೇಳಿಕೊಂಡು ತಿರುಗುತ್ತಿದ್ದೆ. ಹಾಗಾದರೆ ಹೆಚ್ಚು ಮೈಮರೆಸುವುದು ಯಾವುದು ಎಂದು ನೋಡಲು ಈ ಮಳೆಗಾಲದಲ್ಲಿ ನಾಲ್ಕು ಪುಸ್ತಕಗಳನ್ನು ಒಂದರ ಹಿಂದೊಂದು ಓದಿದೆ. ಪುಟದಿಂದ ತಲೆಯೆತ್ತಿದಾಗ ಹಿರೇಹಳ್ಳಿ, ಡಾಬಸ್‌ಪೇಟೆ, ನಿಡವಂದ, ದೊಡ್ಡಬೆಲೆಗಳಲ್ಲಿ ಎಷ್ಟು ಸ್ಟೇಷನ್‌ಗಳು ಗಮನಕ್ಕೆ ಬಾರದೆ ದಾಟಿಹೋಗಿದ್ದವು ಎಂಬುದೇ ನನ್ನ ಅಳತೆಗೋಲು.

ಮೊದಲು ಹಿಡಿದದ್ದು ಎನ್. ನರಸಿಂಹಯ್ಯನವರ ಹಳೆಯದೊಂದು ಕಾದಂಬರಿ. ಶಾಲೆಯಲ್ಲಿ ಹೆಚ್ಚು ಓದಲಾಗದಿದ್ದರೂ 500ರಷ್ಟು ಕಾದಂಬರಿಗಳನ್ನು ಬರೆದು, ಒಂದು ಕಾಲಕ್ಕೆ ಊರೂರಿನ ಬಾಡಿಗೆ ಲೈಬ್ರರಿಗಳನ್ನು ತುಂಬಿಸಿದವರು ಅವರು. ಅವರ ಪತ್ತೇದಾರ ಪುರುಷೋತ್ತಮ ಕಾರು ಹತ್ತಿದನೆಂದರೆ ಓದುಗನೂ ಹತ್ತಿಯೇ ತೀರಬೇಕು, ಅಂಥ ಓಟ. ಆದರೆ ಕಾರು ಯಾವ ರಸ್ತೆಯಲ್ಲಿ ಓಡುತ್ತಿದೆ, ಆ ರಸ್ತೆಯಲ್ಲಿ ಮಳೆಯೋ ಬಿಸಿಲೋ ಎಂಬುದು ಕಣ್ಣಿಗೆ ಕಟ್ಟಲಿಲ್ಲ. ಎರಡು ಸ್ಟೇಷನ್ ಮರೆಸಿ, ಮೂರನೆಯದರಲ್ಲಿ ಕಡಲೆಕಾಯಿಯವನ ಕೂಗು ಬಿದ್ದೊಡನೆ ಕೈಬಿಟ್ಟಿತು. ಬಾಡಿಗೆಗೆ ತಂದ ಆ ಪ್ರತಿಗೆ ಕೊನೆಯ ಪುಟಗಳೇ ಇರಲಿಲ್ಲ. ಅಪರಾಧಿ ಯಾರೆಂದು ತಿಳಿಯದೆ ಆ ರಾತ್ರಿ ನಿದ್ದೆ ಕೆಟ್ಟಾಗ, ನಷ್ಟವೇನಿಲ್ಲವೆಂಬ ನನ್ನ ಮಾತು ಬರೀ ಬಡಾಯಿಯೆಂದು ತಿಳಿಯಿತು.

ಅಗಾಥಾ ಕ್ರಿಸ್ಟಿಯವರ 1934ರ 'ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್' ಬಗ್ಗೆ ನನಗೆ ದೊಡ್ಡ ನಿರೀಕ್ಷೆಯಿತ್ತು. ಹಿಮದಲ್ಲಿ ಹೂತು ನಿಂತ ರೈಲಿನ ಕಥೆಯನ್ನು ರೈಲಿನಲ್ಲೇ ಕುಳಿತು ಓದುವುದಕ್ಕಿಂತ ಹೆಚ್ಚಿನ ಸುಖ ಯಾವುದಿದ್ದೀತು? ಆದದ್ದು ಬೇರೆ. ಶವದ ಮೇಲೆ ಹನ್ನೆರಡು ಇರಿತ, ಯಾವ ಕೂಪೆಯಲ್ಲಿ ಯಾರು, ಎಷ್ಟು ಗಂಟೆಗೆ ಯಾರು ಎಲ್ಲಿದ್ದರು ಎಂಬ ಲೆಕ್ಕ ಹಿಡಿಯಲು ಬೆರಳಿಟ್ಟುಕೊಂಡು ಹಿಂದಿನ ಪುಟಗಳಿಗೆ ಓಡುತ್ತಲೇ ಇದ್ದೆ. ಲೆಕ್ಕಪತ್ರ ತಪಾಸಣೆಗೆ ಬಂದ ಗುಮಾಸ್ತನಂತೆ ಮುಳುಗಿದ್ದೆನೇ ಹೊರತು ಆ ಬೋಗಿಯೊಳಗೆ ನಾನು ಹತ್ತಿರಲಿಲ್ಲ. ಬುದ್ಧಿಗೆ ಇದರಷ್ಟು ಪೂರ್ತಿ ಊಟ ಬಡಿಸಿದ್ದು ನಾಲ್ಕರಲ್ಲಿ ಇನ್ನೊಂದಿಲ್ಲ, ಆ ಮಾತು ಬೇರೆ.

ಆರ್ಥರ್ ಕಾನನ್ ಡಾಯ್ಲ್ ಅವರ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' 1901ರ ಆಗಸ್ಟಿನಿಂದ 1902ರ ಏಪ್ರಿಲ್‌ವರೆಗೆ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು. ಕಂತಿನ ಕೊನೆಗೆ ಓದುಗನನ್ನು ತಿಂಗಳಿಡೀ ತುದಿಗಾಲಿನಲ್ಲಿ ನಿಲ್ಲಿಸಬೇಕಾದ ಆ ಕಸುಬು, ಕ್ಯಾತ್ಸಂದ್ರ ಬಂದಾಗ ಪುಸ್ತಕ ಮುಚ್ಚಿ ಮರುದಿನದವರೆಗೆ ಕಾಯಬೇಕಾದ ನನಗೆ ಹೇಳಿಮಾಡಿಸಿದಂತಿತ್ತು. ಕಥೆ ನಡೆಯುವ ಇಂಗ್ಲೆಂಡಿನ ಡಾರ್ಟ್‌ಮೂರಿನ ಬಯಲನ್ನು ನಾನು ಕಂಡವನಲ್ಲ. ಹೀಗಾಗಿ ಅಲ್ಲಿನ ಮಂಜಿಗೆ ದೇವರಾಯನದುರ್ಗದ ಬೆಳಗಿನ ಮಂಜನ್ನೇ ಕಡ ತಂದೆ. ಗ್ರಿಂಪೆನ್ ಜೌಗಿನಲ್ಲಿ ಕುದುರೆಮರಿಯೊಂದು ಕತ್ತು ಮೇಲೆತ್ತಿ ಒದ್ದಾಡುತ್ತ, ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಜೊತೆಗಾರ ವಾಟ್ಸನ್ ನೋಡನೋಡುತ್ತಿದ್ದಂತೆಯೇ ಮುಳುಗಿಹೋಗುವ ಕಡೆಯಲ್ಲಿ, ಚಿಕ್ಕವನಿದ್ದಾಗ ಬತ್ತಿದ ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡು ಅರಚುತ್ತಿದ್ದ ನಮ್ಮ ಬೀದಿಯವರ ಎಮ್ಮೆ ನೆನಪಾಯಿತು. ಎಮ್ಮೆಯನ್ನು ಹಗ್ಗ ಹಾಕಿ ಎಳೆದಿದ್ದರು. ಕುದುರೆಮರಿಗೆ ಹಗ್ಗ ಹಾಕುವವರಿರಲಿಲ್ಲ. ತಲೆಯೆತ್ತಿದಾಗ ನಾಲ್ಕು ಸ್ಟೇಷನ್ ಕಳೆದು, ಶಿವಗಂಗೆಯ ಬೆಟ್ಟ ಕಿಟಕಿಯ ಹಿಂದಕ್ಕೆ ಸರಿದಿತ್ತು. ಮಂಜು, ಕೆಸರು, ಎಮ್ಮೆ ಎಲ್ಲವನ್ನೂ ನಾನೇ ಹೊತ್ತು ತಂದು ಜೋಡಿಸಬೇಕಾಗಿದ್ದರಿಂದ ಈ ಪಯಣದಲ್ಲಿ ಸ್ವಲ್ಪ ದಣಿವೂ ಇತ್ತೆಂದು ಒಪ್ಪಬೇಕು.

ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' (1994) ಅಚ್ಚ ಪತ್ತೇದಾರಿಯಲ್ಲವೆಂದು ವಾದ ಮಾಡುವವರಿದ್ದಾರೆ, ಮಾಡಲಿ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಎಳೆಯ ದಂಪತಿ ತಮಗೆ ತಲೆಬುಡ ತಿಳಿಯದ ಜಾಲದೊಳಗೆ ಸಿಕ್ಕಿಕೊಳ್ಳುವ ಈ ಕಥೆಯಲ್ಲಿ ಏನನ್ನೂ ಕಡ ತರಬೇಕಾಗಲಿಲ್ಲ. ಏಲಕ್ಕಿ ಮೂಟೆಯ ವಾಸನೆ, ಮಲೆನಾಡಿನ ಕತ್ತಲೆ, ಅಲ್ಲಿನವರ ವಕ್ರ ಮಾತು ಎಲ್ಲವೂ ನಮ್ಮ ಭಾಷೆಯಲ್ಲೇ ಸಿದ್ಧವಾಗಿದ್ದವು. ಡಾರ್ಟ್‌ಮೂರಿಗೆ ಹೋಲಿಸಿದರೆ ಮಲೆನಾಡು ನನಗೆ ಪಕ್ಕದ ಬೀದಿ. ಆದರೂ ಅದೇ ನನ್ನನ್ನು ಎಲ್ಲಕ್ಕಿಂತ ದೂರ ಒಯ್ದದ್ದು.

ಎಷ್ಟು ದೂರವೆಂದರೆ, ಒಂದು ಸಂಜೆ ವಾಪಸು ಬರುವಾಗ ಬೋಗಿಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ಚೀಲ ಇಳಿಸುತ್ತಿರುವುದನ್ನು ಕಂಡು ಕಿಟಕಿಯಾಚೆ ನೋಡಿದರೆ ತುಮಕೂರು ಸ್ಟೇಷನ್. ನಾನು ಇಳಿಯಬೇಕಾಗಿದ್ದ ಕ್ಯಾತ್ಸಂದ್ರ ಯಾವಾಗ ಬಂದು ಹೋಯಿತೋ ತಿಳಿಯಲೇ ಇಲ್ಲ. ಮನೆಯಿಂದ ಫೋನ್ ಬಂತು, ಬರುತ್ತಿದ್ದೇನೆ ಎಂದೆ. ಆಮೇಲೆ ಪ್ಲಾಟ್‌ಫಾರಂ ಬೆಂಚಿನ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಕುಳಿತು ಉಳಿದಿದ್ದ ಹನ್ನೊಂದು ಪುಟ ಮುಗಿಸಿಯೇ ಆಟೋ ಹುಡುಕಿದೆ.