ಹಾರ್ನ್‌ಬ್ಲೋಯರ್ ಸರಣಿಯೋ, ಆಬ್ರಿ–ಮ್ಯಾಚುರಿನ್ ಸರಣಿಯೋ? ಎರಡನ್ನೂ ಓದಿದ ಮೇಲೆ

ನೆಪೋಲಿಯನ್ ಕಾಲದ ಬ್ರಿಟಿಷ್ ನೌಕಾಪಡೆಯ ಕಥೆ ಓದಬೇಕು ಅಂತ ಹೊರಟವರಿಗೆ ಎರಡು ದೊಡ್ಡ ಸರಣಿಗಳು ಎದುರಾಗುತ್ತವೆ. ಒಂದು ಸಿ. ಎಸ್. ಫಾರೆಸ್ಟರ್ ಬರೆದ ಹೊರೇಶಿಯೊ ಹಾರ್ನ್‌ಬ್ಲೋಯರ್ ಕಥೆ. ಇನ್ನೊಂದು ಪ್ಯಾಟ್ರಿಕ್ ಓಬ್ರಿಯನ್ ಬರೆದ ಜಾಕ್ ಆಬ್ರಿ ಮತ್ತು ಸ್ಟೀಫನ್ ಮ್ಯಾಚುರಿನ್ ಕಥೆ. ಎರಡನ್ನೂ ದುಡ್ಡು ಕೊಟ್ಟು ಕೊಂಡು ಓದಿದ್ದೇನೆ. ನನ್ನ ಮನಸ್ಸು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಓಬ್ರಿಯನ್ ಕಡೆ. ಅದಕ್ಕೆ ಕಾರಣ ಅವರ ಹಡಗಿನಲ್ಲಿರುವ ಜನ.

ಫಿರಂಗಿ, ಬಿರುಗಾಳಿ, ಶತ್ರು ಹಡಗನ್ನು ಅಟ್ಟಿಸಿಕೊಂಡು ಹೋಗುವುದು ಎರಡರಲ್ಲೂ ಬೇಕಾದಷ್ಟಿದೆ. ಅದರಲ್ಲಿ ಯಾರೂ ಕಮ್ಮಿಯಿಲ್ಲ. ಇಲ್ಲಿ ಪಾತ್ರಗಳ ಮಾತು ಮಾತ್ರ. ಕಥೆಯ ಕೆಲವು ಗುಟ್ಟುಗಳೂ ಹೊರಬೀಳುತ್ತವೆ, ಬೇಡ ಅನ್ನುವವರು ಓದಿ ಮುಗಿಸಿಕೊಂಡು ಬನ್ನಿ.

ಹಾರ್ನ್‌ಬ್ಲೋಯರ್ ಮೊದಲು ಬಂದಿದ್ದು 1937ರಲ್ಲಿ, 'ದಿ ಹ್ಯಾಪಿ ರಿಟರ್ನ್' ಕಾದಂಬರಿಯಲ್ಲಿ. ಆಗಲೇ ಅವನು ಕ್ಯಾಪ್ಟನ್. ಹೊರಗಿನಿಂದ ನೋಡಿದರೆ ಕಲ್ಲಿನಂಥ ಮನುಷ್ಯ. ಬೆಳಗ್ಗೆ ಡೆಕ್ ಮೇಲೆ ಅವನು ಅಡ್ಡಾಡುವ ಹೊತ್ತಿನಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ. ಮಾತು ಹೊರಡುವ ಬದಲು ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಾನೆ. ಒಳಗೆ ಮಾತ್ರ ಬೇರೆಯೇ ಕಥೆ. ತಲೆಗೂದಲು ಉದುರುತ್ತಿದೆ ಅಂತ ಚಿಂತೆ, ಹೊಟ್ಟೆ ಬರುತ್ತಿದೆ ಅಂತ ಚಿಂತೆ, ತಾನು ಹೇಡಿ ಅಂತ ಅನುಮಾನ. ಸಮುದ್ರಕ್ಕಿಳಿದರೆ ವಾಂತಿ. ಸಂಗೀತವಂತೂ ಅವನ ಕಿವಿಗೆ ಬರೀ ಗದ್ದಲ, ಒಂದು ರಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಯುದ್ಧ ಗೆದ್ದ ಮೇಲೂ ತನ್ನನ್ನು ತಾನು ಬೈದುಕೊಳ್ಳುವ ನಾಯಕ ಇವನು. ಆ ಕಾಲಕ್ಕೆ ಇಂಥವನನ್ನು ಸಾಹಸ ಕಥೆಯ ನಾಯಕನನ್ನಾಗಿ ಮಾಡಿದ್ದು ಫಾರೆಸ್ಟರ್ ಅವರ ದೊಡ್ಡ ಧೈರ್ಯ, ಅದನ್ನು ಒಪ್ಪಲೇಬೇಕು.

ಆದರೆ ಪುಸ್ತಕದಿಂದ ಪುಸ್ತಕಕ್ಕೆ ನಾವು ಬಹುಪಾಲು ಇವನೊಬ್ಬನ ತಲೆಯೊಳಗೇ ಇರಬೇಕು. ಅವನ ಎದುರು ಕೂತು ಸಮಾನವಾಗಿ ಮಾತಾಡುವವರು, ನೀನು ಮಾಡಿದ್ದು ತಪ್ಪು ಅನ್ನುವವರು ಇಲ್ಲ ಅಂದರೂ ಸರಿ. ಮೂರ್ನಾಲ್ಕು ಪುಸ್ತಕ ಒಂದರ ಹಿಂದೆ ಒಂದು ಓದಿದಾಗ ನನಗೆ ಉಸಿರು ಕಟ್ಟಿದ ಹಾಗಾಯಿತು.

ಓಬ್ರಿಯನ್ ಈ ಕೊರತೆಯನ್ನು ಮೊದಲ ಪುಟದಲ್ಲೇ ನೀಗಿಸಿಬಿಡುತ್ತಾರೆ. 'ಮಾಸ್ಟರ್ ಅಂಡ್ ಕಮಾಂಡರ್' ಶುರುವಾಗುವುದು 1800ರ ಏಪ್ರಿಲ್‌ನಲ್ಲಿ, ಮಿನೋರ್ಕಾ ದ್ವೀಪದ ಪೋರ್ಟ್ ಮಹೋನ್‌ನ ಒಂದು ಸಂಗೀತ ಕಛೇರಿಯಲ್ಲಿ. ಜಾಕ್ ದೊಡ್ಡ ದೇಹದ, ಕೆಂಪು ಮುಖದ ಲೆಫ್ಟಿನೆಂಟ್. ಮೈಮರೆತು ತೊಡೆಯ ಮೇಲೆ ತಾಳ ಹಾಕುತ್ತಿದ್ದಾನೆ. ಪಕ್ಕದಲ್ಲಿ ಸಣಕಲು ದೇಹದ ಒಬ್ಬ ವೈದ್ಯ. ತಾಳ ಹಾಕಲೇಬೇಕಿದ್ದರೆ ಸರಿಯಾಗಿ ಹಾಕಿ, ಅರ್ಧ ಮಾತ್ರೆ ಮುಂದೆ ಓಡುತ್ತಿದ್ದೀರಿ ಅಂತ ಗದರುತ್ತಾನೆ. ಆಮೇಲೆ ಮೊಣಕೈಯಿಂದ ತಿವಿಯುತ್ತಾನೆ ಕೂಡ. ವಿಷಯ ದ್ವಂದ್ವಯುದ್ಧಕ್ಕೇ ಹೋಗುವ ಹಾಗಿರುತ್ತದೆ. ಅಷ್ಟರಲ್ಲಿ ಜಾಕ್‌ಗೆ 'ಸೋಫಿ' ಎಂಬ ಪುಟ್ಟ ಹಡಗಿನ ಅಧಿಕಾರ ಕೊಟ್ಟ ಪತ್ರ ಬರುತ್ತದೆ. ಆ ಖುಷಿಯಲ್ಲಿ ಅವನಿಗೆ ಯಾರ ಮೇಲೂ ಸಿಟ್ಟು ಉಳಿಯುವುದಿಲ್ಲ. ಮರುದಿನ ಅದೇ ವೈದ್ಯನಿಗೆ ಊಟ ಹಾಕಿಸಿ, ನನ್ನ ಹಡಗಿಗೆ ಡಾಕ್ಟರಾಗಿ ಬನ್ನಿ ಅಂತ ಕರೆಯುತ್ತಾನೆ. ಆ ವೈದ್ಯನೇ ಸ್ಟೀಫನ್. ಅಲ್ಲಿಂದ 20 ಕಾದಂಬರಿಗಳ ಉದ್ದಕ್ಕೂ ಇವರು ಕ್ಯಾಬಿನ್ನಿನಲ್ಲಿ ಕೂತು ಜೊತೆಯಾಗಿ ನುಡಿಸುತ್ತಾರೆ. ಜಾಕ್‌ನದು ಪಿಟೀಲು, ಸ್ಟೀಫನ್‌ನದು ಚೆಲ್ಲೊ, ಅಂದರೆ ದೊಡ್ಡ ಪಿಟೀಲಿನಂಥ ವಾದ್ಯ.

ಜಾಕ್ ಸಮುದ್ರದ ಮೇಲೆ ಹುಲಿ, ದಡಕ್ಕೆ ಬಂದರೆ ಯಾರು ಬೇಕಾದರೂ ಅವನ ದುಡ್ಡು ಹೊಡೆಯಬಹುದು. ಸ್ಟೀಫನ್ ಐರಿಷ್–ಕಟಲಾನ್ ಮೂಲದವನು. ವೈದ್ಯ, ಜೀವಿಗಳ ಅಧ್ಯಯನ ಮಾಡುವವನು, ಜೊತೆಗೆ ಬ್ರಿಟನ್ನಿನ ಗೂಢಚಾರ. ಅಫೀಮಿನ ದ್ರಾವಣಕ್ಕೆ ದಾಸನಾಗಿ ನರಳುತ್ತಾನೆ. ದೋಣಿಯಿಂದ ಹಡಗಿಗೆ ಹತ್ತುವುದು ಕೊನೆಯವರೆಗೂ ಅವನಿಗೆ ಬರುವುದಿಲ್ಲ. ಜಾಕ್‌ಗೆ ಗೊತ್ತಿದ್ದದ್ದು ಇವನಿಗೆ ಗೊತ್ತಿಲ್ಲ, ಇವನಿಗೆ ಗೊತ್ತಿದ್ದದ್ದು ಜಾಕ್‌ಗೆ ಗೊತ್ತಿಲ್ಲ. ಜಗಳವೂ ಆಡುತ್ತಾರೆ. ನಿಜವಾದ ಸ್ನೇಹದಲ್ಲಿ ಇರುವ ಮೌನ, ಮುನಿಸು, ಸಂಕೋಚ ಎಲ್ಲ ಇಲ್ಲಿದೆ. ಈ ಸರಣಿಯಿಂದ ಮಾಡಿದ 2003ರ ಸಿನಿಮಾ ನೋಡಿದವರಿಗೆ ಸ್ಟೀಫನ್‌ನ ಅರ್ಧ ಮಾತ್ರ ಸಿಕ್ಕಿರುತ್ತದೆ, ಅವನ ಗೂಢಚಾರಿಕೆ ಅಲ್ಲಿ ಇಲ್ಲ.

ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಹೊಸ ಪುಸ್ತಕಗಳ ಬೆಲೆ ನನ್ನ ಬಜೆಟ್‌ಗೆ ಹೊಂದಲಿಲ್ಲ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಓಬ್ರಿಯನ್ ಸರಣಿಯ ಸೆಕೆಂಡ್ ಹ್ಯಾಂಡ್ ಸೆಟ್ ಇತ್ತು. ಪೂರ್ತಿ 20 ಪುಸ್ತಕ ಅಂತ ಬರೆದಿದ್ದರು. ತರಿಸಿದೆ. ಡಬ್ಬದಲ್ಲಿ 20 ಪುಸ್ತಕ ಇದ್ದದ್ದೇನೋ ನಿಜ. ಆದರೆ 10ನೆಯದರ ಎರಡು ಪ್ರತಿ, 11ನೆಯದು ಇಲ್ಲವೇ ಇಲ್ಲ. ಫೋನ್ ಮಾಡಿದರೆ "ಲೆಕ್ಕ ಸರಿ ಇದೆಯಲ್ಲ ಸಾರ್, 20 ಇದೆ ತಾನೇ?" ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಬೇರೆ ಸರಣಿಯಾಗಿದ್ದರೆ ಒಂದು ಬಿಟ್ಟು ಮುಂದೆ ಹೋಗಬಹುದಿತ್ತು. ಇಲ್ಲಿ ಆಗುವುದಿಲ್ಲ. ಯಾಕೆಂದರೆ ಓಬ್ರಿಯನ್ ಬರೆದದ್ದು 20 ಭಾಗಗಳ ಒಂದೇ ಕಾದಂಬರಿ. ಅದರಲ್ಲೂ ನನಗೆ ಸಿಗದೇ ಹೋದದ್ದು 'ದಿ ರಿವರ್ಸ್ ಆಫ್ ದಿ ಮೆಡಲ್', 1986ರದ್ದು. ಜಾಕ್‌ನ ಬದುಕು ಮುರಿದು ಬೀಳುವುದೇ ಅದರಲ್ಲಿ. ಮುಂದಿನ ಪುಸ್ತಕ ತೆಗೆದರೆ ಅವನು ನೌಕಾಪಡೆಯಲ್ಲೇ ಇಲ್ಲ! ಸ್ಟೀಫನ್ ಕೊಂಡ ಖಾಸಗಿ ಹಡಗು ನಡೆಸುತ್ತಿದ್ದಾನೆ. ಮುಖ ಬಿಗಿದುಕೊಂಡಿದ್ದಾನೆ, ಯಾರ ಜೊತೆಗೂ ಬೆರೆಯುವುದಿಲ್ಲ. ಹತ್ತು ಪುಸ್ತಕದುದ್ದಕ್ಕೂ ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮನುಷ್ಯ ಹೀಗ್ಯಾಕಾದ? ನನಗೆ ತಡೆಯಲಾಗಲಿಲ್ಲ. ಪುಸ್ತಕ ಮುಚ್ಚಿಟ್ಟು 11ನೆಯದನ್ನು ಹುಡುಕುತ್ತಾ ಹೋದೆ. ಕೊನೆಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಬೇರೆ ಮುದ್ರಣ, ಬೇರೆ ಮುಖಪುಟ, ಸಾಲಿನಲ್ಲಿ ಇಟ್ಟರೆ ಎದ್ದು ಕಾಣುತ್ತದೆ. ಇರಲಿ.

ಹುಡುಕಿದ್ದಕ್ಕೆ ಸಿಕ್ಕಿದ್ದು ಇಡೀ ಸರಣಿಯ ಅತ್ಯುತ್ತಮ ದೃಶ್ಯ. ಷೇರುಪೇಟೆಯ ವಂಚನೆಯ ಸುಳ್ಳು ಆರೋಪದಲ್ಲಿ ಜಾಕ್‌ಗೆ ಶಿಕ್ಷೆಯಾಗುತ್ತದೆ. ಲಂಡನ್ನಿನ ಬೀದಿಯಲ್ಲಿ ಮರದ ಚೌಕಟ್ಟಿಗೆ ಕುತ್ತಿಗೆ, ಕೈ ಸಿಕ್ಕಿಸಿ ಜನರ ಮುಂದೆ ನಿಲ್ಲಿಸುವ ಶಿಕ್ಷೆ. ಕಲ್ಲು ಹೊಡೆದು ಕಣ್ಣು ಕಳೆಯುವ ಪುಂಡರೂ ಬಂದಿರುತ್ತಾರೆ. ಆದರೆ ಅವನ ಜೊತೆ ಕೆಲಸ ಮಾಡಿದ ನಾವಿಕರು ಎಲ್ಲೆಲ್ಲಿಂದಲೋ ಬಂದು ಆ ಜಾಗವನ್ನೇ ತುಂಬಿಬಿಡುತ್ತಾರೆ. ಪುಂಡರನ್ನು ಒದ್ದು ಓಡಿಸುತ್ತಾರೆ. ಜಾಕ್‌ನ ತಲೆ ಆ ಚೌಕಟ್ಟಿನೊಳಗೆ ಹೋದ ಕ್ಷಣ ಎಲ್ಲರೂ ಟೋಪಿ ತೆಗೆದು ಜೈಕಾರ ಹಾಕುತ್ತಾರೆ. ಆ ಗುಂಪಿನಲ್ಲಿರುವ ಎಷ್ಟೋ ಜನ ನಮಗೆ ಹಿಂದಿನ ಪುಸ್ತಕಗಳಿಂದ ಗೊತ್ತಿರುವವರು. ನನಗೆ ಅಲ್ಲಿ ಕಣ್ಣು ತುಂಬಿ ಬಂತು. ಇದರ ಹಿಂದೆ ಥಾಮಸ್ ಕಾಕ್ರೇನ್ ಎಂಬ ನಿಜವಾದ ನೌಕಾಧಿಕಾರಿಯ 1814ರ ಪ್ರಕರಣ ಇದೆ. ಅವನಿಗೂ ಇದೇ ಶಿಕ್ಷೆ ವಿಧಿಸಿದ್ದರು, ಆದರೆ ಜಾರಿ ಮಾಡಲಿಲ್ಲ. ಓಬ್ರಿಯನ್ ಅದನ್ನು ಜಾರಿ ಮಾಡಿಸಿ ತೋರಿಸಿದ್ದಾರೆ.

ಒಂದು ಪುಸ್ತಕ ತಪ್ಪಿದರೆ ಕಥೆಯೇ ಕೈತಪ್ಪುವ ಈ ಕಾಟ ಹಾರ್ನ್‌ಬ್ಲೋಯರ್ ವಿಷಯದಲ್ಲಿ ಕಮ್ಮಿ. 11 ಪುಸ್ತಕ, ಕೊನೆಯದು ಅರ್ಧಕ್ಕೇ ನಿಂತಿದೆ. ಬಹುತೇಕ ಪ್ರತಿಯೊಂದನ್ನೂ ಬಿಡಿಯಾಗಿ ಓದಬಹುದು. 1938ರ 'ಎ ಶಿಪ್ ಆಫ್ ದಿ ಲೈನ್' ಮಾತ್ರ ನಡುನೀರಿನಲ್ಲಿ ಕೈಬಿಡುತ್ತದೆ, ಅದರ ಜೊತೆಗೆ ಕಥೆ ಮುಂದುವರಿಯುವ 'ಫ್ಲೈಯಿಂಗ್ ಕಲರ್ಸ್' ಇಟ್ಟುಕೊಂಡಿರಿ.

ಸಣ್ಣ ಪಾತ್ರಗಳಲ್ಲಿ ಓಬ್ರಿಯನ್ ಕೈ ಮೇಲೆ. ಪ್ರಿಸರ್ವ್ಡ್ ಕಿಲಿಕ್ ಅಂತ ಒಬ್ಬನಿದ್ದಾನೆ. ಜಾಕ್‌ನ ಊಟ, ಬಟ್ಟೆ, ಬೆಳ್ಳಿ ಸಾಮಾನು ನೋಡಿಕೊಳ್ಳುವವನು. ದಿನವಿಡೀ ಗೊಣಗಾಟ. ಕೋಟಿಗೆ ರಕ್ತ ಹತ್ತಿಸಿಕೊಂಡು ಬಂದರೆ ಗಾಯಕ್ಕಿಂತ ಕೋಟಿನ ಚಿಂತೆ ಅವನಿಗೆ. ಬಾಗಿಲಿಗೆ ಕಿವಿ ಕೊಟ್ಟು ಎಲ್ಲ ಕೇಳಿಸಿಕೊಂಡು ಹಡಗಿಗೆಲ್ಲ ಸುದ್ದಿ ಹಂಚುತ್ತಾನೆ. ಆದರೆ ಎಂಥ ಬಿರುಗಾಳಿ ಇದ್ದರೂ ಇಬ್ಬರಿಗೂ ಕಾಫಿ ಮಾತ್ರ ತಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಮೂವತ್ತು ವರ್ಷ ಇದ್ದು, ಯಜಮಾನರಿಗೇ ಬೈಯುವ ಹಕ್ಕು ಸಂಪಾದಿಸಿದ ಅಡುಗೆಯವರು ಇರುತ್ತಾರಲ್ಲ, ಹಾಗೆ. ಹೆಂಗಸರ ವಿಷಯದಲ್ಲೂ ಹಾಗೇ: ಸ್ಟೀಫನ್ ಪ್ರೀತಿಸುವ, ಭಾರತದಲ್ಲಿ ಇದ್ದು ಬಂದ ಡಯಾನಾ ವಿಲಿಯರ್ಸ್ ಮುಂದೆ ಹಾರ್ನ್‌ಬ್ಲೋಯರ್ ಪ್ರೀತಿಸುವ ಲೇಡಿ ಬಾರ್ಬರಾ ಪೇಲವ.

1973ರ 'ಎಚ್‌ಎಂಎಸ್ ಸರ್‌ಪ್ರೈಸ್'ನಲ್ಲಿ ಹಡಗು ಮುಂಬಯಿಗೆ ಬರುತ್ತದೆ. ಅಲ್ಲಿ ದಿಲ್ ಎಂಬ ಬಡ ಹುಡುಗಿ ಸ್ಟೀಫನ್‌ಗೆ ಊರು ತೋರಿಸುತ್ತಾಳೆ. ಅವಳಿಗೆ ಬೆಳ್ಳಿ ಬಳೆ ಅಂದರೆ ಪ್ರಾಣ. ಸ್ಟೀಫನ್ ಪ್ರೀತಿಯಿಂದ ಕೊಡಿಸುತ್ತಾನೆ. ಆ ಬಳೆಗಳಿಗಾಗಿಯೇ ಅವಳ ಕೊಲೆಯಾಗುತ್ತದೆ. ಕೆಲವೇ ಪುಟಗಳಲ್ಲಿ ಬಂದು ಹೋಗುವ ಈ ಹುಡುಗಿ ನನಗೆ ಎಷ್ಟೋ ಅಡ್ಮಿರಲ್‌ಗಳಿಗಿಂತ ಚೆನ್ನಾಗಿ ನೆನಪಿದ್ದಾಳೆ.

ಹಾಗಂತ ಫಾರೆಸ್ಟರ್ ಅವರನ್ನು ತಳ್ಳಿಹಾಕಲು ಆಗುವುದಿಲ್ಲ. ಯಾಕೆಂದರೆ ಹಾರ್ನ್‌ಬ್ಲೋಯರ್ ಜೊತೆ ಹಡಗಿನಲ್ಲಿ ಕೆಲಸ ಮಾಡುವ ಅಧಿಕಾರಿ ವಿಲಿಯಂ ಬುಷ್ ಇದ್ದಾನೆ. 'ಲೆಫ್ಟಿನೆಂಟ್ ಹಾರ್ನ್‌ಬ್ಲೋಯರ್' ಪೂರ್ತಿ ಬುಷ್‌ನ ಕಣ್ಣಿನಿಂದ ನಡೆಯುತ್ತದೆ. ಆಗ ಇವನೇ ಹಿರಿಯ, ಅವನು ಕಿರಿಯ. ತನಗಿಂತ ಬುದ್ಧಿವಂತ ತನ್ನನ್ನು ದಾಟಿ ಹೋಗುತ್ತಿದ್ದಾನೆ ಅಂತ ಗೊತ್ತಾಗುತ್ತದೆ, ಆದರೂ ಬುಷ್‌ಗೆ ಹೊಟ್ಟೆಕಿಚ್ಚಿಲ್ಲ. 'ಫ್ಲೈಯಿಂಗ್ ಕಲರ್ಸ್'ನಲ್ಲಿ ಇಬ್ಬರೂ ಫ್ರೆಂಚರ ಕೈಯಲ್ಲಿ ಸೆರೆ. ಬುಷ್‌ನ ಒಂದು ಪಾದ ಹೋಗಿದೆ. ಕತ್ತರಿಸಿದ ಕಾಲಿನ ಗಾಯಕ್ಕೆ ಹಾರ್ನ್‌ಬ್ಲೋಯರ್ ಕೈಯಾರೆ ಆರೈಕೆ ಮಾಡುತ್ತಾನೆ. ಬಾಯಲ್ಲಿ ಒಂದು ಒಳ್ಳೆ ಮಾತೂ ಬಾರದ ಮನುಷ್ಯನ ಪ್ರೀತಿ ಅಲ್ಲಿ ಕಾಣುತ್ತದೆ. 1946ರ 'ಲಾರ್ಡ್ ಹಾರ್ನ್‌ಬ್ಲೋಯರ್'ನಲ್ಲಿ ಫಾರೆಸ್ಟರ್ ಬುಷ್‌ನನ್ನು ಸಾಯಿಸಿದರು. 1952ರಲ್ಲಿ ಹಿಂದಿನ ಕಥೆ ಹೇಳಲು ಹೋಗಿ ಅವನನ್ನೇ ಕಣ್ಣಾಗಿ ಆರಿಸಿಕೊಂಡರು. ಅದಕ್ಕೇ ಹೇಳುವುದು, ಈ ಸರಣಿಯನ್ನು ಹಾರ್ನ್‌ಬ್ಲೋಯರ್‌ನ ವಯಸ್ಸಿನ ಕ್ರಮದಲ್ಲಿ ಓದಬೇಡಿ, ಬರೆದ ಕ್ರಮದಲ್ಲಿ ಓದಿ. ಬುಷ್ ಹೇಗೆ ಸಾಯುತ್ತಾನೆ ಅಂತ ಗೊತ್ತಿದ್ದು ಆ ಯುವಕ ಬುಷ್‌ನನ್ನು ಓದುವುದು ಬೇರೆಯೇ ಅನುಭವ.

ಅಲೆಕ್ಸಾಂಡರ್ ಕೆಂಟ್ ಅವರ ಬೊಲೈಥೊ ಸರಣಿಯನ್ನೂ ಶುರು ಮಾಡಿದ್ದೆ. ಆಲ್‌ಡೇ ಎಂಬ ದೋಣಿಯವನು ಇಷ್ಟವಾದ, ಉಳಿದವರು ಮನಸ್ಸಿಗೆ ಹತ್ತಲಿಲ್ಲ.

ಓಬ್ರಿಯನ್ ಓದುವಾಗ ಹಾಯಿ, ಹಗ್ಗ, ಕಂಬಗಳ ಹೆಸರುಗಳ ಮಳೆ ಸುರಿಯುತ್ತದೆ. ಹೆದರಬೇಡಿ. ಸ್ಟೀಫನ್‌ಗೂ ಏನೂ ಗೊತ್ತಿಲ್ಲ. ಮೊದಲ ಪುಸ್ತಕದಲ್ಲಿ ಮೋವೆಟ್ ಎಂಬ ಹುಡುಗ ಅವನನ್ನು ಹಾಯಿಕಂಬದ ಮೇಲೆ ಹತ್ತಿಸಿ ಒಂದೊಂದೇ ವಿವರಿಸುತ್ತಾನೆ. ನಾವೂ ಜೊತೆಗೆ ಹತ್ತಿದರಾಯಿತು. ಅರ್ಥವಾಗದ್ದನ್ನು ನಾನು ಹಾಗೇ ಬಿಟ್ಟು ಮುಂದೆ ಹೋದೆ, ಕಥೆಗೇನೂ ತೊಂದರೆಯಾಗಲಿಲ್ಲ.

ನಾನು ರಾತ್ರಿ ಮಲಗುವ ಮುಂಚೆ ಓದುವವನು, ನಿಧಾನ ಓದು. ಒಂದೇ ಜನರ ಜೊತೆ ವರ್ಷಗಟ್ಟಲೆ ಇರುವುದು ನನಗಿಷ್ಟ. ಅದಕ್ಕೆ ಓಬ್ರಿಯನ್ ಹೇಳಿ ಮಾಡಿಸಿದ ಹಾಗಿದೆ. ಬಸ್ಸು, ರೈಲಿನಲ್ಲಿ ಓದುವವರಿಗೆ, ಬೇಗ ಮುಗಿಯಬೇಕು ಅನ್ನುವವರಿಗೆ ಫಾರೆಸ್ಟರ್ ವಾಸಿ. ಖರ್ಚೂ ಕಮ್ಮಿ. ಕೈಯಲ್ಲಿ ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ 'ದಿ ಹ್ಯಾಪಿ ರಿಟರ್ನ್' ತಗೊಳ್ಳಿ. ಮೂರಕ್ಕೆ ಆಗುತ್ತದೆ ಅಂದರೆ ಓಬ್ರಿಯನ್ ಅವರ ಮೊದಲ ಮೂರು. ಎರಡನೆಯದಾದ 'ಪೋಸ್ಟ್ ಕ್ಯಾಪ್ಟನ್' ಶುರುವಿನಲ್ಲಿ ಬಹಳ ಹೊತ್ತು ದಡದಲ್ಲೇ ಕೂರುತ್ತದೆ, ಅಲ್ಲಿ ಬೇಸರಪಟ್ಟು ಬಿಟ್ಟವರು ನನಗೆ ಗೊತ್ತು. ಮುಂಬಯಿ ಬರುವ ಮೂರನೆಯದನ್ನು ಓದಿ ಆಮೇಲೆ ತೀರ್ಮಾನ ಮಾಡಿ.