ಮಡಿಕೇರಿಯಲ್ಲಿ ಊಟ ಮತ್ತು ಕಾಫಿ: ಪೇಟೆಯ ಹೋಟೆಲೋ, ತೋಟದ ಮನೆಯೋ?

ಮಡಿಕೇರಿಗೆ ಬರುವವರ ಮುಂದೆ ಊಟದ ವಿಷಯದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಪೇಟೆಯಲ್ಲಿ ಕೊಡವ ಅಡುಗೆಗೆ ಹೆಸರಾದ ಹೋಟೆಲುಗಳಿಗೆ ಹೋಗುವುದು. ಇನ್ನೊಂದು, ಕಾಫಿ ತೋಟದ ನಡುವಿನ ಹೋಮ್‌ಸ್ಟೇಯಲ್ಲಿ ಇಳಿದುಕೊಂಡು ಮನೆಯವರು ಬಡಿಸಿದ್ದನ್ನು ಉಣ್ಣುವುದು. ಇವೆರಡನ್ನೂ ನಾನು ಹಲವು ವರ್ಷಗಳಿಂದ, ಮಳೆಗಾಲದಲ್ಲೂ ಬೇಸಗೆಯಲ್ಲೂ, ಆದಷ್ಟು ಒಂದೇ ಅಳತೆಗೋಲಿನಿಂದ ನೋಡುತ್ತ ಬಂದಿದ್ದೇನೆ. ಎಲ್ಲಿಗೆ ಹೋದರೂ ಕಡಂಬುಟ್ಟು (ಅಕ್ಕಿತರಿಯ ಉಂಡೆ), ಪಂದಿ ಕರಿ (ಹಂದಿಮಾಂಸದ ಪದಾರ್ಥ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಮತ್ತು ಕೊನೆಗೊಂದು ಕಾಫಿ ಕೇಳುವುದು ನನ್ನ ಕ್ರಮ. ಮಾಂಸ ತಿನ್ನದ ನನ್ನ ಅಕ್ಕ ಜೊತೆಗಿದ್ದಾಗ ಕಣಿಲೆ (ಎಳೆ ಬಿದಿರು) ಅಥವಾ ಅಣಬೆಯ ಪಲ್ಯವೂ ಇದಕ್ಕೆ ಸೇರುತ್ತದೆ. ಈ ಪದಾರ್ಥಗಳೆಲ್ಲ ಒಂದೇ ಕಡೆ ಚೆನ್ನಾಗಿ ಸಿಗುವುದು ಅಪರೂಪ, ಮತ್ತು ಅದಕ್ಕೆ ಅಡುಗೆಯಲ್ಲೇ ಕಾರಣವಿದೆ.

ಮೊದಲು ಪಂದಿ ಕರಿಯ ಮಾತು. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕರಿಮೆಣಸುಗಳನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಕುಟ್ಟಿದ ಪುಡಿಯೇ ಇದರ ಬಣ್ಣಕ್ಕೆ ಕಾರಣ. ತೆಂಗಿನಕಾಯಿಗಾಗಲಿ ಟೊಮೆಟೊಗಾಗಲಿ ಇದರಲ್ಲಿ ಕೆಲಸವಿಲ್ಲ. ಚರ್ಮ ಮತ್ತು ಕೊಬ್ಬು ಸೇರಿದಂತೆ ತುಂಡು ಮಾಡಿದ ಮಾಂಸವನ್ನು ಅದರದೇ ನೆಣದಲ್ಲಿ ನಿಧಾನವಾಗಿ ಬೇಯಿಸಿ, ಕೊನೆಯಲ್ಲಿ ಕಾಚಂಪುಳಿ ಹಾಕುತ್ತಾರೆ. ಪನಂಪುಳಿ ಎಂಬ ಹುಳಿ ಹಣ್ಣುಗಳನ್ನು ಮಳೆಗಾಲದಲ್ಲಿ ಆಯ್ದು, ಬುಟ್ಟಿಯಲ್ಲಿ ಪೇರಿಸಿಟ್ಟರೆ ಕೆಳಗಿಟ್ಟ ಪಾತ್ರೆಗೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕಾಯಿಸಿ ಇಂಗಿಸಿದಾಗ ಉಳಿಯುವ ಕಪ್ಪು ದ್ರವವೇ ಕಾಚಂಪುಳಿ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕಾಗುತ್ತದೆ. ಇದನ್ನು ಹಾಕಿದ ಕರಿಯಲ್ಲಿ ಮೊದಲು ಮೆಣಸಿನ ಖಾರ ತಿಳಿದು, ತುತ್ತು ನುಂಗಿದ ಮೇಲೆ ಹುಳಿ ನಾಲಿಗೆಯ ಬದಿಗಳಲ್ಲಿ ನಿಲ್ಲುತ್ತದೆ. ಇದರ ಬದಲು ವಿನಿಗರ್ ಅಥವಾ ಹುಣಸೆಹಣ್ಣು ಬಳಸಿದ ಕಡೆ ಹುಳಿಯೇ ಮೊದಲು ಮೂಗಿಗೆ ಬಡಿಯುತ್ತದೆ, ಗೊಜ್ಜು ಕೆಂಪಗಿರುತ್ತದೆ, ಮೆಣಸು ಹಿಂದೆ ಸರಿದಿರುತ್ತದೆ.

ಪಂದಿ ಕರಿ ಆರಿ, ನಿಂತು, ಮರುದಿನ ಕಾಯಿಸಿದಾಗ ಇನ್ನಷ್ಟು ರುಚಿಯಾಗುವ ಪದಾರ್ಥ. ಆದ್ದರಿಂದ ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟು ಮಧ್ಯಾಹ್ನ ಬಡಿಸುವ ಹೋಟೆಲಿಗೆ ಇದು ಅನುಕೂಲದ ಅಡುಗೆ. ಕಡಂಬುಟ್ಟು, ನೂಪುಟ್ಟು (ಅಕ್ಕಿ ಶಾವಿಗೆ), ಒಟ್ಟಿಗಳ ಸ್ವಭಾವ ಇದಕ್ಕೆ ತೀರಾ ವಿರುದ್ಧ. ಅಕ್ಕಿತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟ ಕಡಂಬುಟ್ಟು ಹಬೆಯಿಂದ ಇಳಿದ ಸ್ವಲ್ಪ ಹೊತ್ತಿನಲ್ಲೇ ಹೊರಗಿನಿಂದ ಬಿರುಸಾಗತೊಡಗುತ್ತದೆ. ಮತ್ತೆ ಬಿಸಿ ಮಾಡಿದರೂ ಆ ಮೆದುತನ ಮರಳುವುದಿಲ್ಲ. ಪೇಟೆಗೂ ಮನೆಗೂ ಇರುವ ಅಂತರವನ್ನು ನಾನು ಹೆಚ್ಚಾಗಿ ಕಂಡದ್ದು ಈ ಅಕ್ಕಿಯ ತಿನಿಸುಗಳಲ್ಲಿಯೇ.

ಪೇಟೆಯ ಹೋಟೆಲುಗಳಲ್ಲಿ ನಾನು ಮತ್ತೆ ಮತ್ತೆ ಹೋಗಿರುವುದು ಎರಡಕ್ಕೆ. ಮುಖ್ಯರಸ್ತೆಯಲ್ಲಿ, ಪ್ರಧಾನ ಅಂಚೆ ಕಚೇರಿಯ ಎದುರಿನ ಕಟ್ಟಡದ ಮಹಡಿಯಲ್ಲಿರುವ ಕೂರ್ಗ್ ಕ್ಯುಸಿನ್, ಕೊಡವ ಪದಾರ್ಥಗಳನ್ನೇ ನೆಚ್ಚಿಕೊಂಡಿರುವ ಜಾಗ. ಪಂದಿ ಕರಿ, ಕೋಳಿ ಬರ್ತದ್ (ಹುರಿದ ಕೋಳಿ), ಕಡಂಬುಟ್ಟು, ನೂಪುಟ್ಟುಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಹೋಲಿಸಿ ನೋಡಬೇಕೆನ್ನುವವರಿಗೆ ಇದು ಸರಿಯಾದ ಆಯ್ಕೆ, ಮತ್ತು ಬಸ್ಸಿನಲ್ಲಿ ಬಂದು ಸಂಜೆಗೆ ಹಿಂದಿರುಗುವವರಿಗೆ ನಡೆದು ತಲುಪುವಷ್ಟು ಹತ್ತಿರ. ಪುರಭವನದ ಹಿಂದಿನ ಬೀದಿಯಲ್ಲಿರುವ ರೈನ್‌ಟ್ರೀ ಹಳೆಯ ಬಂಗಲೆಯೊಂದರಲ್ಲಿ ನಡೆಯುವ ಹೋಟೆಲು. ಅಲ್ಲಿ ಕೊಡವ ಅಡುಗೆಯ ಜೊತೆಗೆ ಉತ್ತರ ಭಾರತದ ಪದಾರ್ಥಗಳೂ ಸಿಗುತ್ತವೆಯಾದ್ದರಿಂದ, ಪಂದಿ ಮಾಂಸ ಒಲ್ಲದ ಹಿರಿಯರು ಮತ್ತು ಖಾರ ತಾಳದ ಮಕ್ಕಳಿರುವ ಕುಟುಂಬಕ್ಕೆ ಅದು ಹೆಚ್ಚು ಒಗ್ಗುತ್ತದೆ. ಊಟವಷ್ಟೇ ಮುಖ್ಯವೆಂದಾದರೆ ನಾನು ಮೊದಲನೆಯದನ್ನು ಆರಿಸುತ್ತೇನೆ. ಎರಡು ಗಂಟೆ ಕುಳಿತು ಮಾತಾಡುತ್ತ ಉಣ್ಣಬೇಕೆಂದಾದರೆ ಎರಡನೆಯದನ್ನು. ಎರಡರಲ್ಲಿಯೂ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ, ಜನ ಸೇರುವ ಮೊದಲೇ ಹೋಗುವುದು ಲೇಸು. ಹೀಗೆ ಬೇಗ ಹೋದರೆ ಕಡಂಬುಟ್ಟು ಹಬೆಯಿಂದ ನೇರವಾಗಿ ತಟ್ಟೆಗೆ ಬರುವ ಸಾಧ್ಯತೆ ಹೆಚ್ಚು.

ರಾಜಾಸೀಟಿನ ಆಸುಪಾಸಿನ ಊಟದ ಜಾಗಗಳಿಗೆ ಜನ ಹೋಗುವುದು ಕಣಿವೆಯ ನೋಟಕ್ಕಾಗಿ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವ್ಯಾಲಿ ವ್ಯೂ ಹೋಟೆಲಿನಿಂದ ಕಾಣುವ ನೋಟಕ್ಕೆ ಪೇಟೆಯ ಒಳಗಿನ ಯಾವ ಹೋಟೆಲೂ ಸಾಟಿಯಲ್ಲ, ಸಂಜೆಯ ಕಾಫಿ, ತಿಂಡಿಗೆ ನಾನು ಸಂತೋಷದಿಂದ ಅಲ್ಲಿಗೆ ಹೋಗುತ್ತೇನೆ. ಆದರೆ ಕೊಡವ ಊಟವನ್ನೇ ಹುಡುಕಿಕೊಂಡು ಬಂದವರು ನೋಟವನ್ನೂ ಊಟವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದೇ ಉತ್ತಮ.

ಇನ್ನು ತೋಟದ ಮನೆ. ಹೋಮ್‌ಸ್ಟೇ ಎಂಬ ಫಲಕ ಹಾಕಿಕೊಂಡಿರುವುದೆಲ್ಲ ಮನೆಯಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಮಾಲೀಕರು ಬೇರೆಲ್ಲೋ ಇದ್ದು, ಕೆಲಸದವರು ನಡೆಸುವ, ಊಟವನ್ನು ಹೊರಗಿನಿಂದ ತರಿಸುವ ತಾಣಗಳೂ ಇವೆ. ಅಂಥದ್ದೊಂದರಲ್ಲಿ ನಮಗೆ ಸಿಕ್ಕ ಕೊಡವ ಊಟವೆಂದರೆ ತಣ್ಣಗಾದ ಪರೋಟ ಮತ್ತು ಚಿಕನ್ ಗ್ರೇವಿ. ಆದ್ದರಿಂದ ಕೋಣೆ ಕಾಯ್ದಿರಿಸುವಾಗ ಬೆಲೆ ಕೇಳುವ ಮೊದಲೇ ಮನೆಯವರು ಅಲ್ಲೇ ವಾಸವಾಗಿದ್ದಾರೆಯೇ, ಅಡುಗೆ ಅದೇ ಒಲೆಯಲ್ಲಿ ಆಗುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳುವುದು ಅಗತ್ಯ. ಎರಡಕ್ಕೂ ಹೌದು ಎಂಬ ಉತ್ತರ ಬಂದಲ್ಲಿ ನಾನು ಉಂಡ ಊಟಕ್ಕೆ ಪೇಟೆಯಲ್ಲಿ ಸರಿಸಮನಾದದ್ದು ಸಿಕ್ಕಿಲ್ಲ.

ಅಕ್ಕಿ ಒಟ್ಟಿಯನ್ನೇ ನೋಡಿ. ಉಳಿದ ಅನ್ನವನ್ನು ಚೆನ್ನಾಗಿ ಮಿದ್ದು ಅಕ್ಕಿಹಿಟ್ಟಿನೊಂದಿಗೆ ನಾದಿ, ತೆಳ್ಳಗೆ ತಟ್ಟಿ, ಕಾವಲಿಯ ಮೇಲೆ ಎರಡೂ ಬದಿ ಬಾಡಿಸಿ, ಆಮೇಲೆ ನೇರವಾಗಿ ಕೆಂಡಕ್ಕೆ ಹಾಕುತ್ತಾರೆ. ಕಕ್ಕಬೆಯ ಕಡೆಯ ಒಂದು ಮನೆಯಲ್ಲಿ ಆ ಮನೆಯ ಅಮ್ಮ ಒಲೆಯ ಮುಂದೆ ಕುಳಿತು ಒಂದೊಂದಾಗಿ ಸುಡುತ್ತಿದ್ದರು. ಕೆಂಡಕ್ಕೆ ತಗಲಿದ ಕೂಡಲೇ ಒಟ್ಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಯೆದ್ದು, ಅದು ಹರಡಿ, ಇಡೀ ಒಟ್ಟಿ ಉಬ್ಬುತ್ತಿತ್ತು. ಬೂದಿ ಕೊಡವಿ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸವರಿ, ಬದಿಯಲ್ಲಿ ಎಳ್ಳಿನ ಪಜ್ಜಿ (ಚಟ್ನಿ) ಇಟ್ಟು, "ಮುಂದಿನದು ಬರುವುದರೊಳಗೆ ಇದು ಮುಗಿಯಬೇಕು, ತಡ ಮಾಡಬೇಡಿ" ಎಂದರು. ಆ ಉಬ್ಬು ಇಳಿಯುವ ಮೊದಲು ಹರಿದಾಗ ಒಳಗಿನಿಂದ ಬರುವ ಹಬೆ, ಮೇಲಿನ ಪದರದ ಸುಟ್ಟ ಕಂಪು, ಒಳಪದರದ ಮೆದು ಇವು ಮೂರೂ ಒಟ್ಟಿಗೆ ಇರುವುದು ಕೆಲವೇ ನಿಮಿಷ. ಐವತ್ತು ಜನ ಕಾಯುತ್ತಿರುವ ಹೋಟೆಲಿನಲ್ಲಿ ಗ್ಯಾಸ್ ಒಲೆಯ ಮೇಲೆ ಒಮ್ಮೆಲೇ ಸುಟ್ಟು ಡಬ್ಬಿಯಲ್ಲಿ ಮುಚ್ಚಿಟ್ಟದ್ದು ತನ್ನದೇ ಹಬೆಗೆ ಬೆವೆತು ನಾರಿನಂತಾಗುತ್ತದೆ; ಅದು ಆ ಕೆಲಸದ ಒತ್ತಡದಿಂದಲೇ ಆಗುವಂಥದ್ದು, ಅಡುಗೆಯವರನ್ನು ದೂರಿ ಫಲವಿಲ್ಲ.

ಮಾಂಸ ತಿನ್ನದವರ ಪಾಲಿಗೆ ಈ ಅಂತರ ಇನ್ನೂ ದೊಡ್ಡದು. ಪೇಟೆಯಲ್ಲಿ ಸಸ್ಯಾಹಾರವೆಂದರೆ ಬಹುಮಟ್ಟಿಗೆ ಉಡುಪಿ ಕ್ರಮದ ಹೋಟೆಲುಗಳ ದೋಸೆ, ಇಡ್ಲಿ, ಅನ್ನ ಸಾರು. ಬೆಳಗಿನ ತಿಂಡಿಗೆ ಅವು ಅಚ್ಚುಕಟ್ಟಾಗಿವೆ, ಆದರೆ ಅದೇ ದೋಸೆ ಮೈಸೂರಿನಲ್ಲೂ ಸಿಗುತ್ತದೆ. ಕೊಡಗಿನ ಸಸ್ಯಾಹಾರದ ಸಂಪತ್ತು ಇರುವುದು ಮಳೆಗಾಲದ ಮನೆಗಳಲ್ಲಿ. ಎಳೆಯ ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಅದರ ಕಹಿಯನ್ನೂ ನಂಜನ್ನೂ ತೆಗೆದ ಮೇಲಷ್ಟೇ ಬೈಂಬಳೆ ಕರಿ ಮಾಡಲು ಸಾಧ್ಯ. ಮಳೆಯಲ್ಲಿ ತಾನಾಗಿ ಎದ್ದ ಅಣಬೆಯ ಕುಮ್ಮು ಕರಿಗಂತೂ ಆ ದಿನದ ಅದೃಷ್ಟವೇ ಆಧಾರ. ಕೊಡವರ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ರಸದಿಂದ ಮಾಡುವ ನೇರಳೆ ಬಣ್ಣದ ಪಾಯಸವನ್ನು ನನ್ನ ಅಕ್ಕ ಮೊದಲು ಉಂಡದ್ದು ಇಂಥ ಒಂದು ಮನೆಯಲ್ಲಿ. ಆ ಸೊಪ್ಪಿನಲ್ಲಿ ಆ ದಿನ ಹದಿನೆಂಟು ಬಗೆಯ ಔಷಧಿ ಗುಣ ಸೇರಿರುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಉಂಡ ಮರುದಿನ ಮೂತ್ರ ಕೆಂಪಗಾದರೆ ಗಾಬರಿಯಾಗಬೇಡಿ ಎಂದು ಮನೆಯವರು ಮೊದಲೇ ಎಚ್ಚರಿಸಿದ್ದರು. ಸಸ್ಯಾಹಾರಿಗಳು ಜೋರು ಮಳೆಗೆ ಹೆದರಿ ಜುಲೈ, ಆಗಸ್ಟ್ ತಿಂಗಳನ್ನು ಬಿಟ್ಟುಬಿಡುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ರಸ್ತೆಯ ಸ್ಥಿತಿ, ಹವಾಮಾನದ ಮುನ್ಸೂಚನೆ ನೋಡಿಕೊಂಡು ಹೋಗುವುದಾದರೆ ಅವರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮನೆಯ ಊಟಕ್ಕೆ ಅದರದೇ ಕಟ್ಟುಪಾಡುಗಳಿವೆ. ಪಂದಿ ಕರಿ ಬೇಕಾದರೆ ಹಿಂದಿನ ದಿನವೇ ಹೇಳಬೇಕು, ಮನೆಯವರು ಹೇಳಿದ ಹೊತ್ತಿಗೆ ಊಟಕ್ಕೆ ಕೂರಬೇಕು, ಅಂದು ಮಾಡಿದ್ದಷ್ಟೇ ಸಿಗುತ್ತದೆ. ತಲಕಾವೇರಿ, ಅಬ್ಬಿ ಜಲಪಾತ ಎಂದು ಇಡೀ ದಿನ ಸುತ್ತಿ ಎಷ್ಟು ಹೊತ್ತಿಗೆ ಬರುತ್ತೇವೆಂದು ಗೊತ್ತಿಲ್ಲದವರಿಗೆ ಇದು ಹೊಂದುವುದಿಲ್ಲ. ಅಂಥವರು ಪೇಟೆಯಲ್ಲೇ ಉಣ್ಣುವುದು ಒಳ್ಳೆಯದು.

ಕಾಫಿಯ ವಿಷಯದಲ್ಲಿ ಹೋಲಿಕೆ ಸ್ವಲ್ಪ ಬೇರೆ ರೀತಿಯದು. ಕೊಡಗಿನಲ್ಲಿ ಬೆಳೆಯುವುದು ಹೆಚ್ಚಾಗಿ ರೊಬಸ್ಟಾ. ಅದಕ್ಕೆ ಕಹಿ ಹೆಚ್ಚು, ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು, ಹಾಲು ಸೇರಿದರೂ ಅದರ ಗಟ್ಟಿತನ ಕರಗುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದದ್ದು ಕೊಡಗಿನ ಅರೇಬಿಕಾ ಆದರೂ, ಊರಿನ ದಿನನಿತ್ಯದ ಲೋಟದಲ್ಲಿರುವುದು ಬಹುಪಾಲು ರೊಬಸ್ಟಾ ಮತ್ತು ಚಿಕೋರಿ. ಪೇಟೆಯ ಹಳೆಯ ಸಸ್ಯಾಹಾರಿ ಹೋಟೆಲುಗಳ ಫಿಲ್ಟರ್ ಕಾಫಿ ನನಗೆ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಬಹಳ ಹಿಡಿಸುತ್ತದೆ, ಏಕೆಂದರೆ ಆಗ ಡಿಕಾಕ್ಷನ್ ಹೊಸದು. ಮಧ್ಯಾಹ್ನದ ಮೇಲೆ ಅದೇ ಡಿಕಾಕ್ಷನ್ ಬಿಸಿಯಲ್ಲಿ ನಿಂತು ಒಗರಾಗುತ್ತದೆ. ಹೊಸದಾಗಿ ಬಂದಿರುವ ಕೆಫೆಗಳಲ್ಲಿ ಒಂದೇ ತೋಟದ ಅರೇಬಿಕಾವನ್ನು ಹಾಲಿಲ್ಲದೆ ಸೋಸಿ ಕೊಡುತ್ತಾರೆ. ಹಣ್ಣಿನ ಹುಳಿಯನ್ನು ಇಷ್ಟಪಡುವವರಿಗೆ ಸಂಜೆಯ ಹೊತ್ತು ಅದೇ ಸರಿ, ಆದರೆ ದಪ್ಪ ಹಾಲಿನ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ನೀರಾಗಿ ತೋರಬಹುದು. ಇವೆರಡಕ್ಕಿಂತಲೂ ನನಗೆ ಹೆಚ್ಚು ಪ್ರಿಯವಾದದ್ದು ತೋಟದ ಮನೆಗಳ ಬೆಲ್ಲದ ಕಾಫಿ. ಹಾಲು ಹಾಕದೆ, ಮನೆಯಲ್ಲೇ ಹುರಿದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ ಕೊಡುವ ಈ ಕಾಫಿಯಲ್ಲಿ ರೊಬಸ್ಟಾದ ಕಹಿಯೂ ಬೆಲ್ಲದ ಸಿಹಿಯೂ ಒಂದನ್ನೊಂದು ತಡೆದು ನಿಲ್ಲಿಸುತ್ತವೆ. ಪೇಟೆಯಲ್ಲಿ ಇದನ್ನು ಕೇಳಿದಾಗ ಸಕ್ಕರೆಯ ಕಪ್ಪು ಕಾಫಿ ಬಂದದ್ದೇ ಹೆಚ್ಚು.

ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಮನೆಯಲ್ಲಿ ಮಾಡಿದ ವೈನಿನ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ದ್ರಾಕ್ಷಿ, ಶುಂಠಿ, ವೀಳ್ಯದೆಲೆ ಎಂದು ಹೆಸರು ಬೇರೆಯಾದರೂ ನಾನು ಕುಡಿದು ನೋಡಿದವುಗಳಲ್ಲಿ ಸಕ್ಕರೆಯೇ ಮುಂದಿತ್ತು. ಶುಂಠಿಯದು ಮಾತ್ರ ಚಳಿಗೆ ಪರವಾಗಿಲ್ಲ ಎನ್ನಿಸಿತು.

ಒಂದು ರಾತ್ರಿ ಉಳಿಯುವವರಿಗೆ ನಾನು ಹೇಳುವ ಕ್ರಮ ಇದು: ಬಂದ ದಿನ ಮಧ್ಯಾಹ್ನ ಪೇಟೆಯಲ್ಲಿ ಪಂದಿ ಕರಿ, ರಾತ್ರಿ ಹೋಮ್‌ಸ್ಟೇಯಲ್ಲಿ ನೂಪುಟ್ಟು ಮತ್ತು ಕೋಳಿ ಕರಿ, ಮರುದಿನ ಬೆಳಗ್ಗೆ ಅಲ್ಲೇ ಒಟ್ಟಿ ಮತ್ತು ಬೆಲ್ಲದ ಕಾಫಿ. ಶುಕ್ರವಾರ ಊರಲ್ಲಿರುವವರು ಸಂತೆಗೂ ಒಮ್ಮೆ ಹೋಗಿ ಬರಬೇಕು. ಕಾಫಿ ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣವನ್ನು ಓದಿ ನೋಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51ರಷ್ಟು ಇರಬೇಕೆಂಬುದು ನಿಯಮ, ಹಾಗೆಂದರೆ ಅರ್ಧದಷ್ಟು ಚಿಕೋರಿ ಇರುವ ಪುಡಿಯೂ ಕಾನೂನಿನ ಪ್ರಕಾರ ಸರಿಯಾದದ್ದೇ. ಕಾಚಂಪುಳಿ ಕೊಳ್ಳುವುದಾದರೆ ಬಾಟಲಿಯನ್ನು ಓರೆ ಮಾಡಿ ಬೆಳಕಿಗೆ ಹಿಡಿಯಿರಿ: ಚೆನ್ನಾಗಿ ಇಂಗಿಸಿದ್ದು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ, ನೀರು ಬೆರೆತದ್ದು ಕಂದು ಬಣ್ಣದಲ್ಲಿ ಸರ್ರನೆ ಹರಿಯುತ್ತದೆ. ಹೋಮ್‌ಸ್ಟೇಯ ಮನೆಯವರಲ್ಲಿ ಹೆಚ್ಚಿಗೆ ಇದ್ದರೆ ಅವರಿಂದಲೇ ಕೇಳಿ ಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಸಣ್ಣ ಬಾಟಲಿಯೊಂದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ, ಮೀನಿನ ಸಾರಿಗೂ ಒದಗುತ್ತದೆ.