ಲೂಮಿಯೋ: ನಲವತ್ತು ಮನೆಗಳ ನೀರಿನ ಲೆಕ್ಕಕ್ಕೆ ಬಳಸಿ ನೋಡಿದ ತಂತ್ರಾಂಶ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಲವತ್ತು ಮನೆಗಳಿವೆ. ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ಮಿತಿಮೀರಿದಾಗ, ಮನೆಗೊಂದು ಮೀಟರ್ ಹಾಕಿಸಬೇಕೇ ಎಂಬ ಪ್ರಶ್ನೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ವಾರ ಹೊರಳಾಡಿತು. ಶುಭೋದಯದ ಹೂವುಗಳು ಮತ್ತು ಕಾಣೆಯಾದ ಕೊರಿಯರ್ ಪೊಟ್ಟಣಗಳ ನಡುವೆ ಯಾರು ಒಪ್ಪಿದ್ದರು, ಯಾರು ಒಪ್ಪಿರಲಿಲ್ಲ ಎಂದು ಖಚಿತವಾಗಿ ಹೇಳಬಲ್ಲವರು ಕೊನೆಗೆ ಒಬ್ಬರೂ ಉಳಿಯಲಿಲ್ಲ. ಸಂಘದ ಕಾರ್ಯದರ್ಶಿಯಾಗಿ ಗುಂಪಾಗಿ ಚರ್ಚಿಸಿ ಮತ ಹಾಕಿ ನಿರ್ಧಾರಕ್ಕೆ ಬರಲು ನೆರವಾಗುವ ಲೂಮಿಯೋವನ್ನು ನಾನು ತಂದದ್ದು ಆಗ.

ಆರ್ಥಿಕ ಅಸಮಾನತೆಯ ವಿರುದ್ಧ ಎದ್ದ 2011ರ ಆಕ್ಯುಪೈ ಚಳವಳಿಯ ಬಯಲು ಸಭೆಗಳಲ್ಲಿ ಪಾಲ್ಗೊಂಡಿದ್ದ ನ್ಯೂಜಿಲೆಂಡಿನ ವೆಲಿಂಗ್ಟನ್‌ನ ಕೆಲವರು, ಎಲ್ಲರೂ ಒಂದೆಡೆ ಗಂಟೆಗಟ್ಟಲೆ ಕೂರದೆಯೂ ಒಮ್ಮತಕ್ಕೆ ಬರುವ ದಾರಿ ಬೇಕೆಂದು ಎನ್‌ಸ್ಪೈರಲ್ ಎಂಬ ಸಾಮಾಜಿಕ ಉದ್ಯಮಿಗಳ ಬಳಗದೊಂದಿಗೆ ಸೇರಿ ಕಟ್ಟಿದ ತಂತ್ರಾಂಶವಿದು. ಕಟ್ಟಿದವರದೂ ಒಂದು ಸಹಕಾರ ಸಂಘವೇ. 2014ರಲ್ಲಿ ಸ್ಪೇನಿನ ಪೊಡೆಮೊಸ್ ಪಕ್ಷದ ಸ್ಥಳೀಯ ಘಟಕಗಳು ಇದನ್ನು ಬಳಸಿದ್ದವು. ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಿರುವುದರಿಂದ ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು. ಬೇಡವಾದರೆ ಹಣ ಕೊಟ್ಟು ಅವರ ಸೇವೆಯನ್ನೇ ಪಡೆಯಬಹುದು.

ಒಂದು ವಿಷಯಕ್ಕೆ ಒಂದು ಚರ್ಚೆ; ಚರ್ಚೆ ಹದಕ್ಕೆ ಬಂದಾಗ ಯಾರಾದರೂ ಗಡುವು ಹಾಕಿ ಪ್ರಸ್ತಾವ ಮಂಡಿಸುತ್ತಾರೆ. ಸದಸ್ಯರ ಮುಂದೆ ಒಪ್ಪಿಗೆ, ತಟಸ್ಥ, ಅಸಮ್ಮತಿ, ತಡೆ ಎಂಬ ಆಯ್ಕೆಗಳಿರುತ್ತವೆ, ಮತದ ಜೊತೆಗೆ ಕಾರಣ ಬರೆಯಲು ಜಾಗವಿರುತ್ತದೆ, ಗಡುವಿನವರೆಗೆ ಮನಸ್ಸು ಬದಲಿಸಲು ಅವಕಾಶವಿರುತ್ತದೆ. ಇದರ ಜೀವಾಳ ನನ್ನ ಮಟ್ಟಿಗೆ ಆ ನಾಲ್ಕನೆಯ ಆಯ್ಕೆ. ಅಸಮ್ಮತಿ ಎಂದರೆ ನನಗೆ ಇಷ್ಟವಿಲ್ಲ, ಆದರೆ ನೀವು ಮುಂದುವರಿಯಿರಿ ಎಂದರ್ಥ. ತಡೆ ಎಂದರೆ ಇದು ಹೀಗೆಯೇ ಆದರೆ ಕೆಡುತ್ತದೆ, ನಿಲ್ಲಿಸಿ ಎಂದರ್ಥ. ನಮ್ಮ ಸಭೆಗಳಲ್ಲಿ ಇವೆರಡೂ ಒಂದೇ ದನಿಯಲ್ಲಿ, ಅದೂ ಏರುದನಿಯಲ್ಲಿ, ಬರುತ್ತಿದ್ದವು.

ಮೀಟರಿನ ಪ್ರಸ್ತಾವಕ್ಕೆ ಇಪ್ಪತ್ತಾರು ಒಪ್ಪಿಗೆಗಳು ಬಂದಿದ್ದಾಗ, ನೆಲಮಹಡಿಯ ಹಿರಿಯರೊಬ್ಬರು ತಡೆ ಒತ್ತಿ ಹೀಗೆ ಬರೆದರು: "ಕಾರ್ಯದರ್ಶಿಗಳೇ, ನಮ್ಮ ಮನೆಗೆ ನೀರು ಮೂರು ಪೈಪುಗಳಲ್ಲಿ ಬರುತ್ತದೆ. ಒಂದೇ ಮೀಟರ್ ಹಾಕಿದರೆ ಅಡುಗೆಮನೆಯ ನೀರಷ್ಟೇ ಲೆಕ್ಕಕ್ಕೆ ಸಿಗುತ್ತದೆ, ಎರಡು ಬಚ್ಚಲುಗಳದ್ದು ಎಲ್ಲರ ತಲೆಗೆ." ಪ್ಲಂಬರನ್ನು ಕರೆಸಿ ನೋಡಿದರೆ ಮಾತು ನಿಜ, ಬಹುಪಾಲು ಮನೆಗಳ ಕಥೆ ಅದೇ ಆಗಿತ್ತು. ಪ್ರಸ್ತಾವವನ್ನು ಹಿಂದೆಗೆದು, ಪೈಪಿಗೊಂದು ಮೀಟರಿನ ಖರ್ಚು ಸೇರಿಸಿ ಹೊಸದನ್ನು ಮಂಡಿಸಿದೆವು. ಮೂವತ್ತೊಂದು ಒಪ್ಪಿಗೆ, ನಾಲ್ಕು ತಟಸ್ಥ, ಎರಡು ಅಸಮ್ಮತಿ. ಮೂರು ಮನೆಗಳವರು ಮತ ಹಾಕಲೇ ಇಲ್ಲ. ಕೈ ಎತ್ತಿಸಿ ಎಣಿಸಿದ್ದರೆ ಮೊದಲ ಪ್ರಸ್ತಾವವೇ ಗೆದ್ದುಬಿಡುತ್ತಿತ್ತು.

ಸ್ವಂತ ಸರ್ವರ್‌ನ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ಲಿನಕ್ಸ್, ಡಾಕರ್ (ತಂತ್ರಾಂಶವನ್ನು ಸರ್ವರಿನಲ್ಲಿ ಕೂರಿಸಿ ನಡೆಸುವ ಸಾಧನ) ಮತ್ತು ಇಮೇಲ್ ರವಾನೆಯ ವ್ಯವಸ್ಥೆಯನ್ನು ಬಲ್ಲ ಒಬ್ಬರಾದರೂ ಜೊತೆಗಿರಬೇಕು. ಈ ತಂತ್ರಾಂಶ ನಡೆಯುವುದೇ ಬಹುಮಟ್ಟಿಗೆ ಇಮೇಲಿನ ಮೇಲೆ, ಗಡುವಿನ ನೆನಪೋಲೆಯೂ ಅಲ್ಲಿಗೇ ಬರುತ್ತದೆ. ರವಾನೆಯ ಸೆಟ್ಟಿಂಗ್‌ನಲ್ಲಿ ನಾನೇ ಮಾಡಿದ ತಪ್ಪಿನಿಂದ ಮೊದಲ ವಾರದ ಪತ್ರಗಳೆಲ್ಲ ಸ್ಪ್ಯಾಮ್ ಪೆಟ್ಟಿಗೆ ಸೇರಿ, ನಮ್ಮನ್ನು ಕೇಳಲೇ ಇಲ್ಲವೆಂಬ ದೂರು ಲಿಫ್ಟಿನಲ್ಲಿ ಎದುರಾಯಿತು. ವಾಟ್ಸ್‌ಆ್ಯಪ್ ಬಿಟ್ಟು ಇಮೇಲ್ ತೆರೆಯುವ ಅಭ್ಯಾಸ ಈಗ ಕಡಿಮೆ ಎಂಬುದೂ ನಿಜ, ಹಾಗಾಗಿ ಪ್ರತಿ ಪ್ರಸ್ತಾವದ ಕೊಂಡಿಯನ್ನು ಹೂವುಗಳ ನಡುವೆಯೇ ಹಂಚಬೇಕಾಗಿದೆ. ಗಡುವು ವಾರಕ್ಕಿಂತ ಕಡಿಮೆಯಿದ್ದರೆ ಊರಿಗೆ ಹೋದವರು ತಪ್ಪಿಹೋಗುತ್ತಾರೆ.

ಬೈಲಾ ಪ್ರಕಾರ ಸರ್ವಸದಸ್ಯರ ಸಭೆಯಲ್ಲೇ ಆಗಬೇಕಾದ ಗೊತ್ತುವಳಿಗೆ ಇದು ಬದಲಿಯೂ ಅಲ್ಲ. ನಾವು ಲೂಮಿಯೋದ ಫಲಿತಾಂಶದ ಪುಟವನ್ನು, ಕಾರಣಗಳ ಸಮೇತ, ಮುದ್ರಿಸಿ ಸಭೆಯ ಮುಂದಿಟ್ಟೆವು. ಪೈಪುಗಳ ವಿಷಯ ಹತ್ತು ನಿಮಿಷದಲ್ಲಿ ಮುಗಿದು, ಆ ಹಾಳೆ ಈಗ ನಡಾವಳಿ ಪುಸ್ತಕದಲ್ಲಿದೆ.